ಅಳಿಸಿದ್ದು ಯಾರದು

ಬೀದಿಯವರಿಗೆಲ್ಲ ಅವನು ಆಪರೇಟರ್. ಚಿತ್ರಮಂದಿರ ಮುಚ್ಚಿ, ಆ ಜಾಗದಲ್ಲಿ ಸೋಫಾ ಮಂಚ ಮಾರುವ ಅಂಗಡಿ ಬಂದು ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಯೌವನದ ಒಳ್ಳೆಯ ವರ್ಷಗಳನ್ನೆಲ್ಲ ಅವನು ಪ್ರೊಜೆಕ್ಟರ್ ಕೋಣೆಯ ಕಾವಿನಲ್ಲಿ ಕಳೆದಿದ್ದ. ಒಂದೇ ಸಿನಿಮಾವನ್ನು ವಾರಗಟ್ಟಲೆ ಓಡಿಸಿ ಬೇಸರ ಬಂದಾಗ, ಅಳುವ ದೃಶ್ಯ ಬರುವ ಹೊತ್ತಿಗೆ ಸರಿಯಾಗಿ ಕಿಂಡಿಗೆ ಮುಖವಿಟ್ಟು, ತೆರೆಯನ್ನು ಬಿಟ್ಟು ಜನರನ್ನು ನೋಡುತ್ತಿದ್ದ. ಕತ್ತಲಲ್ಲಿ ಸಾಲಾಗಿ ಕೂತು, ಗುರುತು ಪರಿಚಯವಿಲ್ಲದ ಯಾರದೋ ಕಷ್ಟಕ್ಕೆ ಮೂಗೊರೆಸಿಕೊಳ್ಳುವ ಜನ. "ಮನುಷ್ಯ ಅಷ್ಟೇನೂ ಕೆಟ್ಟವನಲ್ಲ ಕಣೆ," ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳುತ್ತಿದ್ದ. "ನನ್ನ ಹಾಗೆ ಮೇಲಿಂದ ನೋಡಿದ್ರೆ ನಿನಗೂ ಗೊತ್ತಾಗ್ತಿತ್ತು."

ಹೊಸ ಕೆಲಸಕ್ಕೆ ಅವನನ್ನು ತೆಗೆದುಕೊಂಡದ್ದು ಅವನ ಭಾಷೆಗಾಗಿ. ಎಲ್ಲೋ ದೂರದೇಶದ ಕಂಪನಿ. ಜನ ತಮ್ಮ ಫೋನಿನಿಂದ ಅದಕ್ಕೆ ವಿಡಿಯೋ ಹಾಕುತ್ತಾರೆ, ಬೇರೆ ಜನ ಅದು ಸರಿಯಿಲ್ಲ ಎಂದು ದೂರು ಕೊಡುತ್ತಾರೆ, ದೂರು ಬಂದದ್ದನ್ನು ಯಾರಾದರೂ ಕೂತು ನೋಡಬೇಕು. ಸಂದರ್ಶನದ ದಿನ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ಬೈಗುಳಗಳನ್ನು ಒಂದೊಂದಾಗಿ ಓದಿ ಅರ್ಥ ಕೇಳಿದಳು. ಅವನು ಬೆವೆತುಹೋಗಿ, ಮೇಜಿನ ಕಾಲು ನೋಡಿಕೊಂಡು ಬಿಡಿಸಿ ಬಿಡಿಸಿ ಹೇಳಿದ. ಅವಳು "ಥ್ಯಾಂಕ್ಯೂ ಸರ್" ಎಂದು ಗಂಭೀರವಾಗಿ ಬರೆದುಕೊಂಡಳು. ಕೆಲಸ ಸಿಕ್ಕಿತು. ನೋಡಿದ್ದರ ಬಗ್ಗೆ ಹೊರಗೆ ಬಾಯಿಬಿಡುವುದಿಲ್ಲ ಎಂದು ಸಹಿ ಹಾಕಿಕೊಟ್ಟ. ಮನೆಯಲ್ಲಿ "ಕಂಪ್ಯೂಟರ್ ಮುಂದೆ ಕೂತು ದೂರು ನೋಡೋ ಕೆಲಸ" ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕಚೇರಿ ಒಂದು ಚಪ್ಪಲಿ ಶೋರೂಮಿನ ಮೇಲಿತ್ತು. ಬೋರ್ಡಿಲ್ಲ. ಒಳಗೆ ಉದ್ದಕ್ಕೆ ಮೇಜುಗಳು, ಎ.ಸಿ. ಗಾಳಿ, ಗೋಡೆಗೆ ನಗುವ ಹೂವಿನ ಚಿತ್ರ. ಅವನ ಪರದೆಯ ಕೆಳಗೆ ಮೂರು ಗುಂಡಿ: ಇರಲಿ, ತೆಗೆ, ಮೇಲಕ್ಕೆ ಕಳಿಸು. ನೋಡುವುದು, ಒತ್ತುವುದು, ಮುಂದಿನದು. ನೋಡಿದ್ದು ಏನು ಎಂದು ಇಲ್ಲಿ ಬರೆದು ಪ್ರಯೋಜನವಿಲ್ಲ. ಮನುಷ್ಯ ಮನುಷ್ಯನಿಗೆ, ಮಗುವಿಗೆ, ನಾಯಿಗೆ, ತನಗೇ ಏನೇನು ಮಾಡಿಕೊಳ್ಳಬಲ್ಲನೋ ಅದೆಲ್ಲ ಬರುತ್ತಿತ್ತು. ಅದನ್ನು ಮಾಡುತ್ತಿದ್ದದ್ದಷ್ಟೇ ಅಲ್ಲ, ಯಾರೋ ಕೈ ನಡುಗದೆ ಫೋನು ಹಿಡಿದು ಚಿತ್ರಿಸುತ್ತಿದ್ದರು. ಅವನಿಗೆ ಹೆಚ್ಚು ಕಾಡುತ್ತಿದ್ದದ್ದು ಆ ನಡುಗದ ಕೈ.

ಹಳಬರು ಉಪಾಯ ಹೇಳಿಕೊಟ್ಟರು. ವಿಡಿಯೋವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿಕೋ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿಕೋ, ಆಗ ರಕ್ತ ಬರೀ ಶಾಯಿ. ಸೌಂಡ್ ಮಾತ್ರ ಯಾವತ್ತೂ ಹಾಕಬೇಡ. ಪಕ್ಕದ ಸೀಟಿನವನಂತೂ ಹೆಡ್‌ಫೋನಿನಲ್ಲಿ ಹಳೇ ಪ್ರೇಮಗೀತೆ ಕೇಳುತ್ತ ಕೆಲಸ ಮಾಡುತ್ತಿದ್ದ; ಅವನ ಹೆಸರೇ ಹೆಡ್‌ಫೋನ್ ಎಂದಾಗಿತ್ತು. "ಗುರೂ, ಈಗ ಹಾಡು ಕೇಳಿದ್ರೂ ವಾಂತಿ ಬರತ್ತೆ," ಎಂದು ಒಮ್ಮೆ ಹೇಳಿ ನಕ್ಕಿದ್ದ. ಆಪರೇಟರನೂ ನಕ್ಕಿದ್ದ. ಆ ಕಚೇರಿಯಲ್ಲಿ ಜನ ತುಂಬ ನಗುತ್ತಿದ್ದರು.

ಮನೆಯಲ್ಲಿ ನಗುವುದು ನಿಂತಿತು. ಹೆಂಡತಿ ತರಕಾರಿ ಹೆಚ್ಚುತ್ತಿದ್ದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ. ಬಸ್ಸಿನಲ್ಲಿ ಎದುರು ಕೂತವರ ಕುತ್ತಿಗೆ ನೋಡುತ್ತಿದ್ದ, ನೋಡಿದ್ದು ಅರಿವಾಗಿ ಕಿಟಕಿಯ ಕಡೆ ತಿರುಗುತ್ತಿದ್ದ. ಮಗಳಿಗೆ ಒಂಬತ್ತು ವರ್ಷ. ಮೊದಲು ಅವಳ ಜಡೆ ಹಾಕುವುದು ಅವನ ಕೆಲಸವಾಗಿತ್ತು, ಈಗ ಅವಳ ತಲೆ ಮುಟ್ಟಿದರೆ ಕೈ ತಣ್ಣಗಾಗುತ್ತಿತ್ತು. ಬಟ್ಟೆ ಆಲ್ಟರೇಷನ್ ಮಾಡುತ್ತಿದ್ದ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದಳು: "ರೀ, ಆಫೀಸಲ್ಲಿ ನಿಮಗೆ ಯಾರಾದ್ರೂ ಏನಾದ್ರೂ ಅಂತಾರಾ?"

"ಇಲ್ಲ."

"ಮತ್ತೆ ಯಾಕೆ ಹೀಗೆ ಆಡ್ತೀರಿ? ಮನೇಲಿದ್ದೂ ಇಲ್ಲದ ಹಾಗೆ."

"ಕಣ್ಣು ಉರಿ," ಎಂದ.

ಕಚೇರಿಯಲ್ಲಿ ಮನಸ್ಸಿನ ಆರೋಗ್ಯಕ್ಕೆಂದು ಒಬ್ಬ ಮೇಡಂ ಇದ್ದರು. ತಿಂಗಳಿಗೊಮ್ಮೆ ಕರೆದು ಕೂರಿಸಿ, ಕಣ್ಣು ಮುಚ್ಚಿ ಇಷ್ಟವಾದ ಒಂದು ಜಾಗ ನೆನಪಿಸಿಕೊಳ್ಳಿ ಎನ್ನುತ್ತಿದ್ದರು. "ಕಣ್ಣು ಮುಚ್ಚಿದ್ರೇ ತೊಂದರೆ ಮೇಡಂ," ಎಂದ ಅವನು. "ತೆರೆದಿದ್ರೆ ಪರವಾಗಿಲ್ಲ." ಮೇಡಂ ಬಣ್ಣ ತುಂಬುವ ಪುಸ್ತಕ ಕೊಟ್ಟು ಕಳಿಸಿದರು. ಅದನ್ನು ಅವನು ಮಗಳಿಗೆ ಕೊಟ್ಟ.

ಆಪರೇಟರನ ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು ಮಡಿಸುವ ಕೆಲಸದ ಅಕ್ಕ, ಅವರ ಒಬ್ಬನೇ ಮಗ. ಗಂಡ ಇಲ್ಲ. ಮಗ ಒಂದು ಗೋಡೌನಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ, ಅದಕ್ಕೆ ಆಪರೇಟರನ ಮಗಳು ಅವನಿಗೆ ಉದ್ದಣ್ಣ ಎಂದು ಹೆಸರಿಟ್ಟಿದ್ದಳು. ಯಾರ ಮನೆಯ ಬಲ್ಬು ಹೋದರೂ ಅವನನ್ನೇ ಕೂಗುತ್ತಿದ್ದರು, ಸ್ಟೂಲು ಬೇಕಿರಲಿಲ್ಲ.

ಒಂದು ಸಂಜೆ ಉದ್ದಣ್ಣ ಬೀದಿಯಲ್ಲಿ ಅವಳಿಗೆ ಸೈಕಲ್ ಕಲಿಸುತ್ತಿದ್ದ. ಆಪರೇಟರ್ ಕೆಲಸದಿಂದ ಬಂದವನು ತಿರುವಿನಲ್ಲಿ ನಿಂತು ನೋಡಿದ. ಮಗಳು ಕಿಲಕಿಲ ನಗುತ್ತಿದ್ದಾಳೆ, ಹಿಂದೆ ಓಡುತ್ತಿರುವ ಗಂಡುಮಗ, ಅವನ ಕೈ ಸೀಟಿನ ಮೇಲೆ. ಅಷ್ಟೇ ಇದ್ದದ್ದು. ಆದರೆ ಆಪರೇಟರನ ಕಣ್ಣಿಗೆ ಕಂಡದ್ದು ಬೇರೆ. ಆ ದಿನ ಬೆಳಿಗ್ಗೆ ಪರದೆಯ ಮೇಲೆ ಕಂಡದ್ದು. ಓಡಿಹೋಗಿ ಮಗಳನ್ನು ಸೈಕಲ್ಲಿನಿಂದ ಎಳೆದುಕೊಂಡ. "ಮುಟ್ಟಬೇಡ ಅವಳನ್ನ," ಎಂದು ಬೀದಿಗೆಲ್ಲ ಕೇಳುವ ಹಾಗೆ ಅಂದ. ಹುಡುಗ ಎರಡೂ ಕೈ ಮೇಲೆತ್ತಿ ಹಿಂದೆ ಸರಿದ.

"ಅಂಕಲ್, ಬೀಳ್ತಾಳೆ ಅಂತ ಹಿಡ್ಕೊಂಡಿದ್ದೆ."

ಆಮೇಲೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹುಡುಗ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದ. ತಪ್ಪಾಯ್ತು ಕಣೋ ಎನ್ನಬೇಕು ಎಂದು ಆಪರೇಟರ್ ಪ್ರತಿಸಲವೂ ಅಂದುಕೊಂಡ. ನಾಲಿಗೆ ಏಳಲಿಲ್ಲ. ಎಂಥ ಕೆಲಸ ಮಾಡುತ್ತೇನೆ ಎಂದು ಹೇಳದೆ ಆ ತಪ್ಪನ್ನು ವಿವರಿಸುವುದು ಹೇಗೆ?

ಅದಾಗಿ ಕೆಲವು ವಾರಕ್ಕೆ ಟೀಮ್ ಲೀಡರ್ ಅವನನ್ನು ಗಾಜಿನ ಕೋಣೆಗೆ ಕರೆದಳು. ಸಂದರ್ಶನದಲ್ಲಿ ಬೈಗುಳದ ಅರ್ಥ ಕೇಳಿದ್ದ ಅದೇ ಹುಡುಗಿ; ಈಗ ಕಣ್ಣ ಕೆಳಗೆ ಕಪ್ಪು, ಪೆನ್ನಿನ ತುದಿ ಕಚ್ಚಿ ಕಚ್ಚಿ ಪುಡಿಯಾಗಿತ್ತು.

"ಸರ್, ಅನುಮಾನ ಬಂದದ್ದನ್ನೆಲ್ಲ ಮೇಲಕ್ಕೆ ಕಳಿಸ್ತಿದೀರಿ. ಇದು ನಿಜವಾದ ಕೊಲೆ ಇರಬಹುದು, ಪೊಲೀಸರಿಗೆ ಬೇಕಾಗಬಹುದು ಅಂತ."

"ಇರಬಹುದಲ್ವಾ ಮೇಡಂ?"

"ಇರಬಹುದು. ಆದ್ರೆ ನೀವು ಕಳಿಸಿದ್ದರಲ್ಲಿ ಹೆಚ್ಚಿನವು ವಾಪಸ್ ಬಂದಿವೆ. ನಿಮ್ಮದೊಬ್ಬರದಲ್ಲ, ಇಡೀ ಟೀಮಿನ ಅಂಕ ಇಳೀತಿದೆ. ರಕ್ತ ಇದ್ಯಾ, ಪತ್ರಿಕೆಯವರು ಹಾಕಿದ್ದು ಅಲ್ಲ ಅಂದ್ರೆ ತೆಗೀರಿ. ಅಷ್ಟೇ ನಿಯಮ. ನನಗೂ ಮೇಲೆ ಜನ ಇದಾರೆ ಸರ್."

ಆಯಿತು ಎಂದ. ಆ ವಾರ ಒಂದನ್ನೂ ಮೇಲಕ್ಕೆ ಕಳಿಸಲಿಲ್ಲ.

ಆ ವಾರದಲ್ಲೇ ಒಂದು ವಿಡಿಯೋ ಬಂತು. ಎಲ್ಲೋ ಒಳಾಂಗಣ, ಗೋಡೆಯುದ್ದಕ್ಕೆ ಪೆಟ್ಟಿಗೆಗಳು. ನೆಲದ ಮೇಲೆ ಒಬ್ಬ ಮುದುಡಿಕೊಂಡು ಬಿದ್ದಿದ್ದ, ಸುತ್ತ ಬೂಟುಗಾಲುಗಳು, ಒಂದು ಕೋಲೋ ಪೈಪೋ ಏಳುತ್ತಿತ್ತು, ಬೀಳುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಯಾರೋ ಮರೆಯಲ್ಲಿ ನಿಂತು ತೆಗೆದದ್ದು. ಈ ಸಲ ಕೈ ನಡುಗುತ್ತಿತ್ತು. ಮೇಲೆ ನಮ್ಮ ಭಾಷೆಯಲ್ಲೇ 'ಎಲ್ಲರೂ ನೋಡಿ, ಶೇರ್ ಮಾಡಿ' ಎಂದಿತ್ತು. ಅವನ ಬೆರಳು ಮೂರನೇ ಗುಂಡಿಯ ಕಡೆ ಹೋಯಿತು. ಗಾಜಿನ ಕೋಣೆ ನೆನಪಾಯಿತು. ನೆಲದ ಮೇಲೆ ಶಾಯಿ ಹರಡುತ್ತಿತ್ತು. ಎರಡನೆಯದನ್ನು ಒತ್ತಿದ. ಮುಂದಿನದು ಸ್ನಾನಕ್ಕೆ ಹೆದರುವ ಒಂದು ಬೆಕ್ಕು. ಯಾರೋ ಹೊಟ್ಟೆಕಿಚ್ಚಿಗೆ ದೂರು ಕೊಟ್ಟಿದ್ದರು. ಇರಲಿ ಎಂದು ಒತ್ತಿದ.

ಮಾರನೇ ದಿನ ಮನೆಗೆ ಬಂದಾಗ ಮೆಟ್ಟಿಲ ತುಂಬ ಜನ. ಹುಡುಗ ಹಿಂದಿನ ದಿನ ಗೋಡೌನಿನಲ್ಲಿ ಮೇಲಿನ ಕಪಾಟಿನಿಂದ ಬಿದ್ದನಂತೆ, ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೋಗಿಬಿಟ್ಟನಂತೆ. ಕೆಳಗಿನ ಮನೆ ಅಕ್ಕ ಬಾಗಿಲ ಬಳಿ ಕೂತಿದ್ದರು. ಅಳುತ್ತಿರಲಿಲ್ಲ. ಯಾರದೋ ಟವೆಲನ್ನು ಮಡಿಲಲ್ಲಿಟ್ಟುಕೊಂಡು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಸುತ್ತಿದ್ದರು. ಆಪರೇಟರನ ಮಗಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನ ತಲೆಗೆ ಆಗ ಏನೂ ಹೊಳೆಯಲಿಲ್ಲ. ಸೈಕಲ್ಲಿನ ಪಕ್ಕ ಕೈಯೆತ್ತಿ ನಿಂತ ಹುಡುಗನಷ್ಟೇ ಕಣ್ಣಮುಂದೆ ಬಂದ.

ಹೊಳೆದದ್ದು ವಾರ ಕಳೆದ ಮೇಲೆ. ಒಂದು ಬೆಳಿಗ್ಗೆ ಅಕ್ಕ ಮೇಲೆ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

"ಆಪರೇಟರಪ್ಪ, ನೀನು ಕಂಪ್ಯೂಟರ್ ಆಫೀಸಲ್ಲಿರೋನು. ನಿನ್ನ ಕೇಳಿದ್ರೆ ಗೊತ್ತಾಗಬಹುದು ಅಂತ ಬಂದೆ."

"ಹೇಳಿ ಅಕ್ಕ."

"ಅವನು ಬೀಳಲಿಲ್ಲವಂತೆ. ಜೊತೆಗೆ ಕೆಲಸ ಮಾಡ್ತಿದ್ದ ಒಬ್ಬ ಕದ್ದುಮುಚ್ಚಿ ಬಂದು ಹೇಳಿದ. ಏನೋ ಕದ್ದ ಅಂತ ಅಲ್ಲಿನ ಕಾವಲಿನವರು ಹಿಡಿದು ಹೊಡೆದರಂತೆ. ಈ ಜೊತೆಯವನೇ ವಿಡಿಯೋ ತೆಗೆದು, ಎಲ್ಲರೂ ನೋಡ್ಲಿ ಅಂತ ಹಾಕಿದ್ನಂತೆ. ಹಾಕಿದ ಸ್ವಲ್ಪ ಹೊತ್ತಿಗೇ ಯಾರೋ ಅದನ್ನ ಕಿತ್ತುಹಾಕಿದಾರೆ. ಇವನ ಫೋನನ್ನ ಆ ಜನ ಕಿತ್ಕೊಂಡು ಒಡೆದುಹಾಕಿದ್ರಂತೆ. ಈಗ ಅವನೂ ಊರು ಬಿಟ್ಟ, ಸಿಗ್ತಿಲ್ಲ." ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಕಿತ್ತುಹಾಕಿದ್ದು ಎಲ್ಲಿಗೆ ಹೋಗತ್ತೆ? ವಾಪಸ್ ತರಿಸೋಕಾಗತ್ತಾ? ಯಾರನ್ನ ಕೇಳ್ಬೇಕು ಅಂತಾನಾದ್ರೂ ಹೇಳು."

ಪೆಟ್ಟಿಗೆಗಳು. ಬೂಟುಗಾಲು. ಎಲ್ಲರೂ ನೋಡಿ. ಉದ್ದಣ್ಣ, ಬಾಗಿಲಲ್ಲಿ ತಲೆ ಬಗ್ಗಿಸುವ ಹುಡುಗ. ಮುದುಡಿ ಬಿದ್ದವರಲ್ಲಿ ಉದ್ದ ಯಾರು, ಗಿಡ್ಡ ಯಾರು.

"ವಿಚಾರಿಸ್ತೀನಿ ಅಕ್ಕ," ಎಂದ.

ಅವತ್ತು ಕಚೇರಿಗೆ ಹೋಗಿ ಮೊದಲು ತಾನೇ ಹುಡುಕಿದ. ಗುಂಡಿ ಒತ್ತಿದ ಮೇಲೆ ವಿಡಿಯೋ ಒತ್ತಿದವರ ಪರದೆಗೆ ಮರಳುವ ದಾರಿಯೇ ಇರಲಿಲ್ಲ. ಟೀಮ್ ಲೀಡರಿನ ಗಾಜಿನ ಬಾಗಿಲು ತಟ್ಟಿದ. ಇದ್ದದ್ದನ್ನು ಇದ್ದಂತೆ ಹೇಳಿದ. ಅವಳು ಎದ್ದು ಬಾಗಿಲು ಹಾಕಿದಳು.

"ಸರ್, ಗೊತ್ತಿರೋರ ವಿಡಿಯೋ ಬಂದ್ರೆ ಕೈಹಾಕಬಾರದು ಅಂತ ನಿಯಮ ಇದೆ."

"ಬಂದಾಗ ಗೊತ್ತಾಗ್ಲಿಲ್ಲ ಮೇಡಂ."

"ಈಗ ಅದು ನಮ್ಮ ಹತ್ರ ಇಲ್ಲ. ಅಲ್ಲಿ, ಮುಖ್ಯ ಕಚೇರೀಲಿ ಸ್ವಲ್ಪ ಕಾಲ ಇಟ್ಟಿರ್ತಾರೆ, ಆಮೇಲೆ ಪೂರ್ತಿ ಅಳಿಸ್ತಾರೆ. ಕೋರ್ಟಿನಿಂದ ಕೇಳಿದ್ರೆ ಕೊಡ್ತಾರೋ ಏನೋ. ಕೋರ್ಟು ಕೇಳೋದು ಯಾವಾಗ, ಅದು ಅಲ್ಲಿಗೆ ತಲುಪೋದು ಯಾವಾಗ." ಅವಳ ದನಿ ಸಣ್ಣಗಾಯಿತು. "ನೀವು ಈಗ ಹೇಳಿದ್ದನ್ನ ನಾನು ಕೇಳಿಸ್ಕೊಂಡಿಲ್ಲ. ಕೇಳಿಸ್ಕೊಂಡ್ರೆ ಮೇಲಕ್ಕೆ ಬರೀಬೇಕಾಗತ್ತೆ. ಹೋಗಿ ಸರ್, ದಯವಿಟ್ಟು."

ಬಾಗಿಲು ತೆಗೆಯುವಾಗ ತಿರುಗಿ ನೋಡಿದ. ಅವಳು ಎರಡೂ ಅಂಗೈಗಳಿಂದ ಕಣ್ಣು ಒತ್ತಿಕೊಂಡು ಕೂತಿದ್ದಳು.

ಅವನು ಮಧ್ಯಾಹ್ನವೇ ಮನೆಗೆ ಬಂದ. ಮಗಳು ಶಾಲೆಯಲ್ಲಿದ್ದಳು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಮೊದಲ ದಿನದಿಂದ, ಮೂರು ಗುಂಡಿಯಿಂದ. ಅವಳು ಯಾವುದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ಬಿಚ್ಚುತ್ತಲೇ ಕೇಳಿದಳು.

"ಇಷ್ಟು ದಿನ ಇದನ್ನ ಹೊತ್ಕೊಂಡು ನಮ್ಮ ಜೊತೆ ಊಟಕ್ಕೆ ಕೂತ್ರಾ?" ಎಂದಳು ಕೊನೆಗೆ. ಆಮೇಲೆ, ತನಗೇ ಹೇಳಿಕೊಂಡ ಹಾಗೆ: "ನಮ್ಮನೆ ಬಲ್ಬು ಹಾಕೋನು. ಗುರುತು ಸಿಗಲಿಲ್ವಾ ನಿಮಗೆ?"

ಆ ಮಾತು ಅವನಿಗೆ ನಾಟಿತು. ಅವಳು ಕತ್ತರಿ ಕೆಳಗಿಟ್ಟು, "ಹೋಗಿ ಹೇಳಿ ಆಕೆಗೆ. ಕೆಲಸ ಹೋದ್ರೆ ಹೋಗ್ಲಿ. ಹೇಳದೆ ಈ ಮೆಟ್ಟಿಲು ಹತ್ತಿ ಇಳಿಯೋದು ನನ್ನ ಕೈಲಂತೂ ಆಗಲ್ಲ," ಎಂದಳು.

ಅವನು ಇಳಿದು ಹೋದ. ಅಕ್ಕನ ಮನೆಯಲ್ಲಿ ಒಂದು ಮಂಚ, ಒಂದು ಕಬ್ಬಿಣದ ಬೀರು, ಕಿಟಕಿಯಲ್ಲಿ ಹುಡುಗನ ಶೇವಿಂಗ್ ಬ್ರಷ್ಷು. ಅಕ್ಕ ಕುರ್ಚಿ ತೋರಿಸಿದರು. ಅವನು ನಿಂತೇ ಹೇಳಿದ. ಹೇಳುವಾಗ ಒಂದು ಏಟು ಬಿದ್ದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು. ಏಟು ಬೀಳಲಿಲ್ಲ. ಅಕ್ಕ ಅವನ ಮುಖವನ್ನೇ ನೋಡುತ್ತ, ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು:

"ಅವನು ಏನಾದ್ರೂ ಅಂದನಾ? ನನ್ನ ಕರೆದನಾ?"

ಹೌದು, ಅಮ್ಮ ಅಂದ ಎಂದು ಹೇಳಿಬಿಡಬಹುದಿತ್ತು. ಇಲ್ಲ, ನೋವೇ ಗೊತ್ತಾಗಲಿಲ್ಲ ಅವನಿಗೆ ಎಂದೂ ಹೇಳಬಹುದಿತ್ತು.

"ಗೊತ್ತಿಲ್ಲ ಅಕ್ಕ. ನಾನು ಸೌಂಡ್ ಹಾಕಿರಲಿಲ್ಲ."

ಅಕ್ಕ ತಲೆಯಾಡಿಸಿದರು, ಅಂಗಡಿಯವನು ಸಾಮಾನು ಮುಗಿದಿದೆ ಎಂದಾಗ ಆಡಿಸುವ ಹಾಗೆ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ವಕೀಲರ ಹತ್ರ ಹೋಗೋಣ ನಡಿ. ವಿಡಿಯೋ ಹೋದ್ರೆ ಹೋಯ್ತು, ನೋಡಿದ ಕಣ್ಣು ಇದ್ಯಲ್ಲ. ನೀನು ಕಂಡದ್ದನ್ನ ಹೇಳು. ಅಷ್ಟು ಮಾಡು ನನಗೆ."

ಬೀದಿಯಲ್ಲಿ ಅಕ್ಕ ಮುಂದೆ ಮುಂದೆ ನಡೆದರು. ಹುಡುಗ ಹೋದ ಮೇಲೆ ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ಅವನು ನೋಡಿರಲಿಲ್ಲ. ಅವನಿಗೂ ಎಲ್ಲೋ ಒಂದು ಕಡೆ ಉಸಿರು ಬಂದಂತಾಯಿತು. ನೋಡಿದ್ದೆಲ್ಲ ಇಷ್ಟು ದಿನ ಅವನ ಮೈಯಲ್ಲಿ ಬರೀ ವಿಷವಾಗಿ ಸೇರಿತ್ತು. ಒಂದೇ ಒಂದಾದರೂ ಒಬ್ಬರ ಉಪಯೋಗಕ್ಕೆ ಬರಲಿ.

ವಕೀಲೆ ನಡುವಯಸ್ಸಿನವರು, ನೆಗಡಿ ಹತ್ತಿತ್ತು. ಕರವಸ್ತ್ರ ಪಕ್ಕಕ್ಕಿಟ್ಟು ಒಂದೊಂದೇ ಕೇಳುತ್ತ ಬಂದರು.

"ಹೊಡೀತಿದ್ದವರು ಎಷ್ಟು ಜನ?"

"ಮೂರು. ಅಥವಾ ನಾಲ್ಕು. ಕಾಲು ಕಾಣ್ತಿತ್ತು."

"ಕೈಯಲ್ಲಿ?"

"ಕಬ್ಬಿಣದ ಪೈಪು. ಅಲ್ಲ, ಕೋಲು." ಹೇಳುವಾಗಲೇ ಪೈಪು ಹಿಡಿದ ಕೈ ಕಣ್ಣಿಗೆ ಕಟ್ಟಿತು, ಅದರ ಮೇಲಿನ ಹಚ್ಚೆ ಸಮೇತ, ಆದರೆ ಆ ಹಚ್ಚೆಯ ಕೈಯ ಹಿಂದೆ ಇದ್ದದ್ದು ಪೆಟ್ಟಿಗೆಗಳಲ್ಲ, ಸಮುದ್ರ.

"ಸಮವಸ್ತ್ರ ಇತ್ತಾ?"

"ನೀಲಿ. ಕಾವಲಿನವರ ನೀಲಿ."

"ಹುಡುಗ ಏನು ಹಾಕಿದ್ದ?"

"ಕೆಂಪು ಚೌಕಳಿ ಅಂಗಿ," ಎಂದ ಅವನು ಥಟ್ಟನೆ. ಅದೊಂದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಕುಳಲ್ಲಿ ಹರಿದದ್ದು ಕೂಡ.

ಪಕ್ಕದಲ್ಲಿ ಕೂತಿದ್ದ ಅಕ್ಕ ತಿರುಗಿ ನೋಡಿದರು. "ಅಂಥ ಅಂಗಿ ಅವನ ಹತ್ರ ಇಲ್ಲವಲ್ಲಪ್ಪ. ಅವತ್ತು ಹಾಕ್ಕೊಂಡು ಹೋದದ್ದು ಬೂದು ಟೀಶರ್ಟು. ನಾನೇ ಒಗೆದು ಕೊಟ್ಟದ್ದು."

ಆಗ ನೆನಪಾಯಿತು. ಅವನು ಬಣ್ಣದಲ್ಲಿ ನೋಡಿಯೇ ಇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಬಿಟ್ಟರೆ ಯಾವುದನ್ನೂ ಬಣ್ಣದಲ್ಲಿ ನೋಡಿರಲಿಲ್ಲ. ಈ ಕೆಂಪು, ಈ ನೀಲಿ ಎಲ್ಲಿಂದ ಬಂತು? ಮೊದಲ ತಿಂಗಳಲ್ಲಿ ಕಂಡ ಯಾವನೋ, ಯಾವ ದೇಶದವನೋ, ಅವನ ಅಂಗಿಯನ್ನು ತಂದು ಈ ಹುಡುಗನಿಗೆ ತೊಡಿಸಿದ್ದ. ಪೈಪು ಇನ್ನೊಬ್ಬನದು. ಕಾಲುಗಳು ಯಾರ್ಯಾರವೋ. ತಲೆಯೊಳಗೆ ಎಲ್ಲವೂ ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಯಾವ ಕೈ ಯಾರ ಮೈಯದು ಎಂದು ಬಿಡಿಸುವಂತೆಯೇ ಇರಲಿಲ್ಲ.

"ನಾನು ಕಪ್ಪು ಬಿಳುಪಲ್ಲಿ ನೋಡೋದು ಮೇಡಂ," ಎಂದ. "ಬಣ್ಣ ನನಗೆ ಗೊತ್ತಾಗೋಕೆ ಸಾಧ್ಯ ಇಲ್ಲ."

ವಕೀಲೆ ಪೆನ್ನಿನ ಮುಚ್ಚಳ ಹಾಕಿದರು. ಅಕ್ಕನ ಕಡೆ ತಿರುಗಿ ಹೇಳಿದರು: "ಇವರು ಸುಳ್ಳು ಹೇಳ್ತಿಲ್ಲಮ್ಮ. ಆದ್ರೆ ಇವರನ್ನ ಕಟಕಟೆ ಹತ್ತಿಸೋಕಾಗಲ್ಲ. ಎದುರು ವಕೀಲರು ಇವರನ್ನ ಹರಿದುಹಾಕ್ತಾರೆ, ಜೊತೆಗೆ ನಿಮ್ಮ ಕೇಸನ್ನೂ. ಅಂಥ ವಿಡಿಯೋ ಒಂದಿತ್ತು, ಇವರು ತೆಗೆದರು ಅಂತ ಬರೆಸಿಕೊಂಡು ಆ ಕಂಪನಿಗೆ ಕಾಗದ ಹಾಕ್ತೀನಿ. ಪ್ರಯತ್ನ ಮಾಡೋಣ."

ಅವನು ಸಹಿ ಹಾಕಿದ. ಸಹಿ ಹಾಕಿದ್ದೇ ಕಚೇರಿಗೆ ಗೊತ್ತಾಗಿ, ಮಾತು ಮುರಿದದ್ದಕ್ಕೆ ಕೆಲಸದಿಂದ ತೆಗೆದರು. ಅದಕ್ಕೆ ಅವನಿಗೆ ಏನೂ ಅನ್ನಿಸಲಿಲ್ಲ. ಚೀಲ ತರಲು ಹೋದ ದಿನ ಹೆಡ್‌ಫೋನ್ ಲಿಫ್ಟಿನವರೆಗೆ ಜೊತೆಗೆ ಬಂದ.

"ಗುರೂ, ನಿಮ್ಮ ಬೀದಿ ಹುಡುಗನ ವಿಷಯ ಕೇಳ್ದೆ. ಗೋಡೌನಲ್ಲಿ ಹೊಡೆದದ್ದು ಅಲ್ವಾ? ಮೇಲೆ ಶೇರ್ ಮಾಡಿ ಅಂತ ಇತ್ತು?"

"ನಿನಗೆ ಹೇಗೆ ಗೊತ್ತು?"

"ನನಗೂ ಒಂದು ಬಂದಿತ್ತು ಅವತ್ತು, ನಮ್ಮ ಭಾಷೇಲೇ. ನಾನೂ ತೆಗೆದೆ." ಹೆಡ್‌ಫೋನ್ ಲಿಫ್ಟಿನ ಗುಂಡಿಯನ್ನು ಸುಮ್ಮನೆ ಒತ್ತುತ್ತಲೇ ಇದ್ದ. "ಅದೇ ಒಂದು ನಮ್ಮಿಬ್ಬರಿಗೂ ಬರಲ್ಲ ಗುರೂ. ಒಬ್ಬರು ತೆಗೆದ್ರೆ ಇನ್ನೊಬ್ಬರಿಗೆ ಹೋಗಲ್ಲ. ಎರಡು ಇದ್ದವು."

"ನಿನ್ನದರಲ್ಲಿ ಬೂದು ಟೀಶರ್ಟ್ ಇತ್ತಾ? ಎತ್ತರದ ಹುಡುಗನಾ?"

"ನಾನು ಪರದೆಯ ಮೂಲೆ ನೋಡ್ತೀನಿ ಗುರೂ. ಮನುಷ್ಯರನ್ನ ನೋಡಲ್ಲ."

ಅವನು ಲಿಫ್ಟು ಹತ್ತಲಿಲ್ಲ. ಮೆಟ್ಟಿಲಿಳಿದು, ಬಿಸಿಲಲ್ಲಿ ನಡೆದು ಗೋಡೌನ್ ಇದ್ದ ಬೀದಿಗೆ ಹೋದ. ಗೇಟಿನಾಚೆ ಗೋಡೆಯುದ್ದಕ್ಕೆ ಪೆಟ್ಟಿಗೆಗಳು. ಎಲ್ಲ ಗೋಡೌನಿನಲ್ಲೂ ಇರುವಂಥವು. ಕಾವಲಿನವನ ಕಾಲು ನೋಡಿದ. ರಬ್ಬರ್ ಚಪ್ಪಲಿ. ಕುರ್ಚಿಯ ಕೆಳಗೆ ಬೂಟುಗಳು ಇದ್ದವೋ ಇಲ್ಲವೋ ಕಾಣಲಿಲ್ಲ. "ಯಾರು ಬೇಕಿತ್ತು ಯಜಮಾನ್ರೇ? ಬಿಸಿಲಲ್ಲಿ ನಿಂತಿದೀರಿ, ನೀರು ಕುಡೀತೀರಾ?" ಎಂದು ಆ ಕಾವಲಿನವನು ಮರ್ಯಾದೆಯಿಂದ ಕೇಳಿದ. ಇವನೇ ಹೊಡೆದವನೋ, ಏನೂ ಗೊತ್ತಿಲ್ಲದವನೋ. ಮುಖದಲ್ಲಿ ಏನೂ ಬರೆದಿರಲಿಲ್ಲ. ಆಪರೇಟರ್ ನೀರು ಕುಡಿದು, ಲೋಟ ಕೊಟ್ಟು, ಮನೆಗೆ ಬಂದ.

ಇನ್ನು ಹೇಳದೆ ಇರಬಹುದಿತ್ತು. ಹೆಂಡತಿಯೂ ಹಾಗೇ ಅಂದಳು: "ಆಕೆಗೆ ಇನ್ನೂ ಎಷ್ಟು ಸಲ ಹೇಳ್ತೀರಿ?" ಆದರೆ ಅವನಿಗೆ ಒಳಗೇ ಇಟ್ಟುಕೊಳ್ಳುವ ಶಕ್ತಿ ಹೋಗಿತ್ತು. ಸಂಜೆ ಕೆಳಗಿಳಿದು ಅಕ್ಕನ ಬಾಗಿಲಲ್ಲಿ ನಿಂತ.

"ಅಕ್ಕ, ಅವತ್ತು ಅಂಥವು ಎರಡು ಬಂದಿದ್ದವಂತೆ. ನಾನು ಅಳಿಸಿದ್ದು ನಿಮ್ಮ ಮಗನದ್ದೇ ಅಂತ ಈಗ ನನಗೆ ಹೇಳೋಕಾಗ್ತಿಲ್ಲ. ಬೇರೆ ಯಾರದೋ ಇರಬಹುದು."

ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ಮೊದಲ ಸಲ ಅವರ ಕಣ್ಣಲ್ಲಿ ಕಿಡಿ ಕಂಡಿತು.

"ನಾನಲ್ಲ ಅಂತ ಹೇಳೋಕೆ ಬಂದಿದೀಯಾ?"

"ಹಾಗಲ್ಲ ಅಕ್ಕ."

"ಮತ್ತೆ ಹೇಗೆ? ಮೊದಲು ನಾನೇ ಅಂದೆ. ಆಮೇಲೆ ಅಂಗಿ ಗೊತ್ತಿಲ್ಲ ಅಂದೆ. ಈಗ ಹುಡುಗನೇ ಅಲ್ಲ ಅಂತೀಯಾ. ಅವತ್ತು ಬೀದೀಲಿ ಅವನ ಮಾನ ಕಳೆದೆಯಲ್ಲ, ಅದಾದ್ರೂ ನೀನೇನಾ? ಅಥವಾ ಅದೂ ಬೇರೆ ಯಾರೋ?"

ಬಾಗಿಲು ಹಾಕಿಕೊಂಡಿತು. ಒಳಗಿಂದ ಅಳು ಕೇಳಿಸಿತು, ಹುಡುಗ ಹೋದಂದಿನಿಂದ ಕೇಳದಿದ್ದ ಅಳು. ಅವನು ಮೆಟ್ಟಿಲ ಮೇಲೆ ಕೂತು ಅದನ್ನು ಕೊನೆಯವರೆಗೂ ಕೇಳಿದ. ಇದಕ್ಕೆ ಸೌಂಡ್ ಮುಚ್ಚುವ ಗುಂಡಿಯಿರಲಿಲ್ಲ. ಇದ್ದರೂ ಮುಚ್ಚುತ್ತಿರಲಿಲ್ಲವೇನೋ. ಇನ್ನೊಂದು ವಿಡಿಯೋದಲ್ಲಿ ಬಿದ್ದಿದ್ದವನ ಮನೆ ಎಲ್ಲಿದೆ ಎಂದು ಯೋಚಿಸುತ್ತಿದ್ದ. ಆ ಇನ್ನೊಬ್ಬ, ತಾನು ಅಳಿಸಿದವನೋ ಹೆಡ್‌ಫೋನ್ ಅಳಿಸಿದವನೋ, ಅವನಿಗೂ ಒಬ್ಬಳು ತಾಯಿಯಿರಬೇಕು, ಅವಳೂ ಯಾರನ್ನೋ ಕೇಳುತ್ತಿರಬೇಕು. ಅವಳಿಗೆ ಕೆಳಗಿಳಿದು ಬಂದು ತಪ್ಪೊಪ್ಪಿಕೊಳ್ಳುವವನೂ ಇಲ್ಲ.

ವಕೀಲೆಯ ಕಾಗದಕ್ಕೆ ಬಹಳ ತಡವಾಗಿ ಉತ್ತರ ಬಂತು. ಅಂಥ ವಿಡಿಯೋ ಇದ್ದುದಕ್ಕೆ ತಮ್ಮಲ್ಲಿ ದಾಖಲೆ ಏನೂ ಇಲ್ಲ, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದಿತ್ತು. ಊರು ಬಿಟ್ಟ ಜೊತೆಗಾರ ಮರಳಲಿಲ್ಲ. ಪೊಲೀಸರು ಮೇಲಿನ ಕಪಾಟಿನಿಂದ ಬಿದ್ದ ಎಂದೇ ಬರೆದು ಮುಗಿಸಿದರು.

ಆಪರೇಟರಿಗೆ ಒಂದು ಹಣ್ಣಿನ ಮಂಡಿಯಲ್ಲಿ ಕೆಲಸ ಸಿಕ್ಕಿತು, ಪೆಟ್ಟಿಗೆ ಇಳಿಸಿ ಕೊಳೆತದ್ದನ್ನು ಆರಿಸುವುದು. ದಿನವಿಡೀ ಯಾರೊಡನೆಯೂ ಮಾತಾಡಬೇಕಿರಲಿಲ್ಲ. ಮನೆಯಲ್ಲಿ ಟಿ.ವಿ. ಹಾಕುವುದು ನಿಲ್ಲಿಸಿದರು. ಮಗಳು ಬೇರೆ ಮಕ್ಕಳ ಮನೆಗೆ ಹೋಗಿ ನೋಡಿ ಬರುತ್ತಿದ್ದಳು. ಅಪ್ಪ ಹತ್ತಿರ ಬಂದರೆ ಫೋನನ್ನು ತಿರುಗಿಸಿಡುವುದನ್ನು ಯಾರೂ ಹೇಳಿಕೊಡದೆ ಕಲಿತಳು. ಅವನು ಒಂದೊಂದು ಸಲ ಊಟದ ನಡುವೆ ಕೈ ನಿಲ್ಲಿಸಿ ಹೆಂಡತಿಯನ್ನು ಕೇಳುತ್ತಿದ್ದ: "ಬೂದು ಟೀಶರ್ಟು ಅಂದರಲ್ವಾ ಅಕ್ಕ?" ಹೆಂಡತಿ ಹೌದು ಎನ್ನುತ್ತಿದ್ದಳು. ಅವನು ಕಣ್ಣು ಮುಚ್ಚಿ ಆ ಪೆಟ್ಟಿಗೆಗಳ ನಡುವೆ ಒಂದು ಬೂದು ಟೀಶರ್ಟನ್ನು ಹುಡುಕುತ್ತಿದ್ದ. ಸಿಕ್ಕಿಬಿಟ್ಟರೆ ಇನ್ನೂ ಕಷ್ಟವಾಗುತ್ತಿತ್ತು. ತಾನು ಕಂಡದ್ದೋ, ಅಕ್ಕನ ಬಾಯಿಂದ ಕೇಳಿ ಕಟ್ಟಿಕೊಂಡದ್ದೋ ಗೊತ್ತಾಗುತ್ತಿರಲಿಲ್ಲ.

ಬೇಸಿಗೆಯ ಕೊನೆಗೆ ಅಕ್ಕ ಮನೆ ಖಾಲಿ ಮಾಡಿದರು. ಆಸ್ಪತ್ರೆಯ ಹಿಂದೆ ಲಾಂಡ್ರಿಯವರಿಗೆ ಕೊಡುವ ಒಂದು ಕೋಣೆಗೆ ಹೋಗುತ್ತಾರೆ ಎಂದು ಯಾರೋ ಅಂದರು. ಬೆಳಿಗ್ಗೆ ಸಣ್ಣ ಲಾರಿ ಬಂದು ನಿಂತಿತು. ಜೊತೆಗೆ ಬಂದವನು ಡ್ರೈವರ್ ಒಬ್ಬನೇ. ಕಬ್ಬಿಣದ ಬೀರು ಅವನೊಬ್ಬನಿಂದ ಅಲ್ಲಾಡಲಿಲ್ಲ. ಆಪರೇಟರ್ ಮೇಲಿಂದ ನೋಡಿ, ಇಳಿದು ಹೋಗಿ ಇನ್ನೊಂದು ತುದಿಗೆ ಕೈಹಾಕಿದ. ಅಕ್ಕ ಬೇಡ ಎನ್ನಲಿಲ್ಲ. ಬಾಗಿಲ ಹತ್ತಿರ, "ಸ್ವಲ್ಪ ಓರೆ ಮಾಡು, ಗೋಡೆಗೆ ತಾಗತ್ತೆ," ಎಂದರು, ಅಷ್ಟೇ. ಬೀರು ಲಾರಿಗೇರಿತು.

ಅಕ್ಕ ಮುಂದೆ ಡ್ರೈವರ್ ಪಕ್ಕ ಕೂತರು. ಕೈ ಹೊರಗೆ ಚಾಚಿ ಬೀಗದ ಕೈ ಕೊಟ್ಟರು. "ಮಾಲೀಕರಿಗೆ ಕೊಟ್ಟುಬಿಡು."

"ಆಯ್ತು ಅಕ್ಕ."

ಲಾರಿ ತಿರುವು ದಾಟಿದ ಮೇಲೆ ಅವನು ಕಿಟಕಿ ಮುಚ್ಚಲೆಂದು ಆ ಖಾಲಿ ಮನೆಯೊಳಗೆ ಹೋದ. ಮಂಚ ಇದ್ದ ಜಾಗದಲ್ಲಿ ನೆಲ ಬೆಳ್ಳಗಿತ್ತು. ಕಿಟಕಿ ಮುಚ್ಚಿದ. ಬೀಗದ ಕೈ ಹಿಡಿದುಕೊಂಡು ಗೋಡೆಗೆ ಒರಗಿ ಕೂತ. ಏಳಬೇಕು, ಮಂಡಿಗೆ ಹೊತ್ತಾಯಿತು ಎಂದುಕೊಂಡು ಅಲ್ಲೇ ಕೂತಿದ್ದ. ಬಹಳ ಹೊತ್ತಾದ ಮೇಲೆ ಹೆಂಡತಿ ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು, "ರೀ," ಎಂದಳು. ಅವನು ತಲೆಯೆತ್ತಲಿಲ್ಲ. ಅವಳು ಒಳಗೆ ಬಂದು, ಬರೀ ನೆಲದ ಮೇಲೆ ಅವನ ಪಕ್ಕ ಕೂತುಕೊಂಡಳು.